ನಗರವಿಲ್ಲದ ನಗರಬಸ್ತಿಕೇರಿ

ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಹತ್ತಿರ ಶರಾವತಿ ದಂಡೆಯ ಕಾಡಿನಲ್ಲಿ ನಗರಬಸ್ತಿಕೇರಿ ಇದೆ. ನಗರ ಎಲ್ಲಿ ಎಂದು ಕೇಳಬೇಡಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ನಿಂತಿದೆ, ಸುತ್ತ ಮರಗಳು. 16ನೇ ಶತಮಾನದಲ್ಲಿ ಇದು ಚೆನ್ನಭೈರಾದೇವಿಯ ರಾಜಧಾನಿ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದರು. ಪಟ್ಟಣ ಹೋಯಿತು. ಹೆಸರಿನೊಳಗೆ ನಗರವೂ ಬಸ್ತಿಯೂ ಕೇರಿಯೂ ಉಳಿದುಕೊಂಡವು.

ದೊಡ್ಡ ಊರಿನ ಹೆಸರಿಗೆ ಅಷ್ಟು ಭಯವಿಲ್ಲ. ಇಬ್ನ್ ಬತೂತ ಹೊನ್ನಾವರವನ್ನು ಹಿನೌರ್ ಎಂದು ಬರೆದ, ಪೋರ್ಚುಗೀಸರು ಓನೋರ್ ಎಂದರು, ಇಂಗ್ಲಿಷರ ಬಾಯಲ್ಲಿ ಕುಮಟಾ ಕೂಂಪ್ಟಾ ಆಯಿತು. ನಮ್ಮವರು ತಮ್ಮ ಹೆಸರನ್ನೇ ಹೇಳುತ್ತ ಬಂದರು. ಹೋಗುತ್ತಿರುವುದು ಗದ್ದೆ, ಹಕ್ಕಲು, ಮಜಿರೆ, ದೋಣಿ ಕಟ್ಟುವ ಜಾಗಗಳ ಸಣ್ಣ ಹೆಸರು. ಪಹಣಿಯಲ್ಲಿ ಸರ್ವೆ ನಂಬರು ಸಿಗುತ್ತದೆ, ಗದ್ದೆಯ ಹೆಸರಲ್ಲ. ಹೆದ್ದಾರಿ ಅಗಲವಾದಾಗ ಮನೆ, ಕಟ್ಟೆಗಳ ಜೊತೆ ಅವುಗಳ ಹೆಸರೂ ಹೋದವು.

ಅದಕ್ಕೇ ನಾವು ನೋಟ್‌ಬುಕ್ ಹಿಡಿದು ತಿರುಗುತ್ತಿದ್ದೇವೆ. ಮೊದಮೊದಲು ಬೋರ್ಡ್ ನೋಡಿ ಬರೆದು ತಪ್ಪು ಮಾಡಿದೆವು. ಈಗ ಹಿರಿಯರ ಬಾಯಲ್ಲಿ ಬಂದಂತೆಯೇ ಬರೆಯುತ್ತೇವೆ. ಭಟ್ಕಳದಲ್ಲಿ ಒಂದೇ ಕೇರಿಗೆ ಕನ್ನಡ, ಕೊಂಕಣಿ, ನವಾಯತಿಯಲ್ಲಿ ಬೇರೆ ಬೇರೆ ಹೆಸರಿದ್ದರೆ ಮೂರನ್ನೂ. ಯಾವುದು ಸರಿ ಎಂದು ತೀರ್ಮಾನಿಸುವುದು ನಮ್ಮ ಕೆಲಸ ಅಲ್ಲ. ಹಳೇ ಮನೆಯಾದರೆ ಬಾಗಿಲ ದಿಕ್ಕು, ಗೋಡೆ ಚಿರೆಕಲ್ಲಿನದೋ ಮಣ್ಣಿನದೋ, ಒಂದು ಫೋಟೊ.

ನಿಮ್ಮ ಮನೆ ಹಿಂದಿನ ಗದ್ದೆಗೆ ಅಜ್ಜಿ ಏನೆನ್ನುತ್ತಿದ್ದರು?