ಅತ್ತೆಯ ಹಾಲಿನ ಪುಸ್ತಕ, ಮಾವನೋರ ಟ್ಯೂನರ್

ನಮ್ಮ ಆರ್.ಟಿ. ನಗರದ ಮನೆಗೆ ಬಂದವರೆಲ್ಲ ಮೆಟ್ಟಿಲ ಕೆಳಗಿನ ರೂಮಿನಲ್ಲಿದ್ದ ಬೂದು ಬಣ್ಣದ ಡಬ್ಬ ನೋಡಿ, "ಇದೇನ್ರೀ, ಹಳೇ ಸ್ಟೆಬಿಲೈಸರಾ?" ಅಂತ ಕೇಳೋರು. ಇಷ್ಟಗಲದ ಎರಡು ತಿರುಗಣೆ, ನಡುವೆ ಕಾಫಿಬೀಜ ಪುಡಿ ಮಾಡೋ ಮಿಷನ್ನಿಗಿರೋ ಹಾಗೆ ಒಂದು ಹಿಡಿ. ಅದನ್ನ ಒಬ್ಬರೇ ಎತ್ತೋದು ಕಷ್ಟ. ಅದು ಸ್ಟೆಬಿಲೈಸರ್ ಅಲ್ಲ, ಹ್ಯಾಮ್ ರೇಡಿಯೋದ ಆಂಟೆನಾ ಟ್ಯೂನರ್. ಓರಗಿತ್ತಿ ಮಗಳು ಅದರ ಕಥೆ ಬರೀರಿ ದೊಡ್ಡಮ್ಮ ಅಂತ ಬಹಳ ದಿನದಿಂದ ಹಿಂದೆ ಬಿದ್ದಿದ್ದಳು. ಬರೆಯೋಕೆ ಕೂತರೆ ಅದು ಬರೀ ಡಬ್ಬದ ಕಥೆ ಆಗಲಿಲ್ಲ, ನಮ್ಮ ಬೀದಿ ಕಥೆನೂ ಆಯ್ತು, ನಮ್ಮತ್ತೆ ಕಥೆನೂ ಆಯ್ತು.

ಮೊದಲು ಹ್ಯಾಮ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಹಾಡು ಹಾಕೋ ಎಫ್‌ಎಂ ಅಲ್ಲ, ಪೊಲೀಸರ ವೈರ್‌ಲೆಸ್ಸೂ ಅಲ್ಲ. ದುಡ್ಡಿಗಲ್ಲದೆ ಹವ್ಯಾಸಕ್ಕೆ ಅಂತ ಮನೇಲಿ ಕೂತು ದೇಶವಿದೇಶದವರ ಜೊತೆ ರೇಡಿಯೋದಲ್ಲಿ ಮಾತಾಡೋರು. ಅದಕ್ಕೆ ಪರೀಕ್ಷೆ ಕಟ್ಟಬೇಕು, ದೆಹಲಿಯಿಂದ ಲೈಸೆನ್ಸ್ ಬರಬೇಕು. ಪಾಸಾದವರಿಗೆ ವಿಯು ಅಂತ ಶುರುವಾಗೋ ಒಂದು ಗುರುತು ಕೊಡ್ತಾರೆ. ಗಾಳಿಯಲ್ಲಿ ಅದೇ ನಿಮ್ಮ ಹೆಸರು.

ಈ ಹವ್ಯಾಸ ನಮ್ಮ ಸೀಮೆಗೆ ಹೊಸದೇನಲ್ಲ. ಆಕಾಶವಾಣಿ ಅನ್ನೋ ಹೆಸರು ನಮ್ಮ ಮೈಸೂರಿನದು ಅಂತ ನಿಮಗೆಲ್ಲ ಗೊತ್ತಿರುತ್ತೆ. 1935ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದ್ದರು. ಅಂದರೆ ಅದೂ ಮನೆಯೊಳಗಿನ ರೇಡಿಯೋನೇ. ಆ ಮನೆಯ ಹೆಂಗಸರು ಏನಂದುಕೊಂಡರೋ, ಯಾರೂ ಬರೆದಿಟ್ಟ ಹಾಗೆ ಕಾಣೋಲ್ಲ. 1939ರಲ್ಲಿ ಯುದ್ಧ ಶುರುವಾದ ಮೇಲೆ ಹವ್ಯಾಸಿಗಳೆಲ್ಲ ಟ್ರಾನ್ಸ್‌ಮಿಟರ್‌ಗಳನ್ನ ತಂದು ಒಪ್ಪಿಸಬೇಕು ಅಂತ ಬ್ರಿಟಿಷರ ಹುಕುಂ ಆಯ್ತು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಇಡೀ ದೇಶಕ್ಕೆ ಅಂತ ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ 1959ರದ್ದು.

ನಮ್ಮ ಕಡೆ, ಅಂದ್ರೆ ಊರಿನ ಈ ಬಡಗಣ ಭಾಗದಲ್ಲಿ, ಈ ಹುಚ್ಚು ಹತ್ತೋಕೆ ಕಾರಣಗಳಿದ್ದವು. 1954ರಲ್ಲಿ ಜಾಲಹಳ್ಳಿಗೆ ಬಿಇಎಲ್ ಬಂತು. ರೇಡಿಯೋ ವಾಲ್ವುಗಳನ್ನೇ ತಯಾರು ಮಾಡೋ ಕಾರ್ಖಾನೆ. ವಾಯುಪಡೆಯವರು ಜಾಲಹಳ್ಳಿಲೂ ಇದ್ರು, ಯಲಹಂಕದಲ್ಲೂ ಇದ್ರು. ಯಶವಂತಪುರದ ಪಕ್ಕಕ್ಕೆ ಟಾಟಾ ಇನ್‌ಸ್ಟಿಟ್ಯೂಟು. ವೈರ್‌ಲೆಸ್ ಕಲಿತವರು ಬೀದಿಗೊಬ್ಬರಿದ್ದರೆ ಸಂಜೆ ಹೊತ್ತು ಸುಮ್ಮನೆ ಕೂತಿರ್ತಾರಾ? ಮಾವನೋರೂ ಬಿಇಎಲ್ಲಿನವರೇ. ಅವರ ಮೊದಲ ಸೆಟ್ಟು ವಾಲ್ವಿನದು, 807 ಅಂತ ನಂಬರಿನ ವಾಲ್ವು. ಆ ಕಾಲದ ಹ್ಯಾಮುಗಳಿಗೆಲ್ಲ ಅದು ಮನೆದೇವರ ಹಾಗೆ. ಹೊರದೇಶದ ಸೆಟ್ಟು ತರಿಸೋಕೆ ಸುಂಕ ಕಟ್ಟಿ ಪೂರೈಸ್ತಿರಲಿಲ್ಲ. ಮಿಲಿಟರಿಯವರು ಮಾರಿದ ಹಳೇ ಸಾಮಾನು, ಎಸ್.ಪಿ. ರೋಡಿನ ಅಂಗಡಿ, ಭಾನುವಾರದ ಸಂತೆ, ಇವುಗಳಲ್ಲೇ ಎಲ್ಲ ಹೊಂದಿಸಿಕೊಳ್ಳೋರು.

ಈಗ ಟ್ಯೂನರಿಗೆ ಬರೋಣ. ಇದು ಯಾಕೆ ಬೇಕಾಯ್ತು ಅಂದ್ರೆ ನಮ್ಮ ಸೈಟಿನಿಂದ. 30-40ರ ಸೈಟು. ಹ್ಯಾಮುಗಳು ರಾತ್ರಿ ಮಾತಾಡೋಕೆ ಇಷ್ಟಪಡೋ 40 ಮೀಟರ್ ಬ್ಯಾಂಡಿಗೆ ಸರಿಯಾದ ತಂತಿ ಸುಮಾರು 66 ಅಡಿ ಉದ್ದ ಇರಬೇಕು. 80 ಮೀಟರಿಗಾದರೆ 130 ಅಡಿ. ನಮ್ಮ ಸೈಟಿನ ಮೂಲೆಯಿಂದ ಮೂಲೆಗೆ ಎಳೆದರೂ 50 ಅಡಿ, ಅಷ್ಟೇ. ಮಲ್ಲೇಶ್ವರದ ಹಳೇ ಕಾಂಪೌಂಡಿನ ಮನೆಯವರು ತೆಂಗಿನಮರದಿಂದ ತೆಂಗಿನಮರಕ್ಕೆ ತಂತಿ ಕಟ್ಟಿಕೊಂಡು ಆರಾಮಾಗಿದ್ದರು. ಬಡಾವಣೆಯವರ ಪಾಡು ಬೇರೆ. ತಂತಿ ಗಿಡ್ಡ ಆದರೆ ಸೆಟ್ಟಿನಿಂದ ಹೋದ ಶಕ್ತಿ ಪೂರ್ತಿ ಹೊರಗೆ ಹೋಗದೆ ಒಂದಷ್ಟು ವಾಪಸ್ ಬರುತ್ತೆ. ಒಂದಿಂಚಿನ ಪೈಪಿಗೆ ಅರ್ಧ ಇಂಚಿನದನ್ನ ಸೇರಿಸೋಕೆ ಪ್ಲಂಬರ್ ನಡುವೆ ರೆಡ್ಯೂಸರ್ ಹಾಕ್ತಾನಲ್ಲ, ಟ್ಯೂನರಿನ ಕೆಲಸವೂ ಹೆಚ್ಚುಕಮ್ಮಿ ಅದೇ. ಸೆಟ್ಟಿಗೂ ತಂತಿಗೂ ಹೊಂದಾಣಿಕೆ ಮಾಡಿಸೋ ದಲ್ಲಾಳಿ.

ವಾಲ್ವಿನ ಸೆಟ್ಟುಗಳು ಈ ವಿಷಯದಲ್ಲಿ ಸಹನೆಯವು. ತಮ್ಮಲ್ಲೇ ಎರಡು ತಿರುಗಣೆ ಇಟ್ಟುಕೊಂಡು ಹೇಗೋ ಸುಧಾರಿಸಿಕೊಳ್ಳೋವು. ಆಮೇಲೆ ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದವು ನೋಡಿ, ಅವು ಭಾಳಾ ಮಡಿ. 50 ಓಮ್ ಅಂದ್ರೆ 50 ಓಮೇ. ತಂತಿ ಸ್ವಲ್ಪ ಹೊಂದಲಿಲ್ಲ ಅಂದ್ರೂ ಮುದುಡಿಕೊಂಡು ಪವರ್ ಇಳಿಸಿಬಿಡ್ತವೆ. ಅಮೆರಿಕದಲ್ಲಿ 50ರ ದಶಕದಲ್ಲೇ ಜಾನ್ಸನ್ ಕಂಪನಿಯವರು ಕಿಲೋವ್ಯಾಟ್ ಮ್ಯಾಚ್‌ಬಾಕ್ಸ್ ಅಂತ ಮಾಡಿ ಮಾರ್ತಿದ್ರು. 1970ರಲ್ಲಿ ಲ್ಯೂ ಮೆಕಾಯ್ ಅನ್ನೋರು ಅಲ್ಲಿನ ಕ್ಯೂಎಸ್‌ಟಿ ಪತ್ರಿಕೆಯಲ್ಲಿ ಮನೇಲೇ ಮಾಡಿಕೊಳ್ಳೋ ಒಂದು ಟ್ರಾನ್ಸ್‌ಮ್ಯಾಚಿನ ವಿವರ ಬರೆದರು. ಊರೂರಿನ ಹ್ಯಾಮುಗಳು ಅದನ್ನ ನೋಡಿ ಕಟ್ಟಿದರು. ಮಾವನೋರ ಹತ್ತಿರ ಅದರ ಕೈಬರಹದ ನಕಲಿತ್ತು, ಎಣ್ಣೆಕಲೆ ಸಮೇತ.

ಅದಕ್ಕೆ ಅಷ್ಟು ದೊಡ್ಡ ಡಬ್ಬ ಯಾಕೆ ಅಂತ ಅತ್ತೆ ಎಷ್ಟೋ ಸಲ ಕೇಳಿದ್ದರಂತೆ. ನಮ್ಮ ದೇಶದಲ್ಲಿ ದೊಡ್ಡ ಲೈಸೆನ್ಸಿನವರಿಗೂ ಹೆಚ್ಚೆಂದರೆ 400 ವ್ಯಾಟ್. ನಮ್ಮ ಇಸ್ತ್ರಿಪೆಟ್ಟಿಗೆ ಅದಕ್ಕಿಂತ ಜಾಸ್ತಿ ಎಳೆಯುತ್ತೆ! ಆದರೆ ತಂತಿ ಗಿಡ್ಡ ಇದ್ದಾಗ ಆ 400 ವ್ಯಾಟಿಗೇ ಟ್ಯೂನರಿನೊಳಗೆ ಸಾವಿರ ವೋಲ್ಟ್ ದಾಟಿಬಿಡುತ್ತೆ. ಮಾಮೂಲಿ ರೇಡಿಯೋದ ಕಂಡೆನ್ಸರ್ ಹಾಕಿದರೆ ತಗಡುಗಳ ನಡುವೆ ಕಿಡಿ ಹಾರುತ್ತೆ. ಅದಕ್ಕೇ ತಗಡುಗಳು ದೂರ ದೂರ ಇರಬೇಕು, ಸುರುಳಿಗೆ ದಪ್ಪ ತಾಮ್ರ ಬೇಕು. ಹಾಗಾಗಿ ಡಬ್ಬ ದೊಡ್ಡದು. ಹೊರದೇಶದ ಟ್ಯೂನರಿನ ಮೇಲೆ ಮೂರು ಕಿಲೋವ್ಯಾಟ್ ಅಂತ ಬರೆದಿದ್ದರೂ ಮಾವನೋರು ನಗೋರು. "ಅದು ಮದುವೆ ಮನೆ ಅಡುಗೆಯವರ ಲೆಕ್ಕ, ನೂರು ಜನಕ್ಕೆ ಅಂದ್ರೆ ಅರವತ್ತಕ್ಕೆ ಸಾಕಾಗುತ್ತೆ" ಅನ್ನೋರು.

ಮಾವನೋರ ಡಬ್ಬ ಪೂರ್ತಿ ಮನೇಲಿ ಕಟ್ಟಿದ್ದು. ಕಂಡೆನ್ಸರುಗಳು ಮಿಲಿಟರಿ ಗುಜರಿಯವು. ಟ್ಯೂನರಿನಿಂದ ಮಾಳಿಗೆ ಮೇಲಕ್ಕೆ ಎರಡು ತಂತಿ ಏಣಿಯ ಹಾಗೆ ಜೋಡಿಯಾಗಿ ಹೋಗ್ತಿತ್ತು, ನಡುನಡುವೆ ಮರದ ಕಡ್ಡಿ. ಆ ಕಡ್ಡಿ ನೀರು ಕುಡೀಬಾರದು ಅಂತ ಮೇಣದಲ್ಲಿ ಕುದಿಸಬೇಕು. ಕುದಿಸಿದ್ದು ಅತ್ತೆಯ ಸಾರಿನ ಪಾತ್ರೇಲಿ. ಆ ಪಾತ್ರೆ ಮತ್ತೆ ಒಲೆ ಹತ್ತಲಿಲ್ಲ, ಈಗಲೂ ಗಿಡಕ್ಕೆ ನೀರು ಹಾಕೋಕಿದೆ.

ಇಂಥ ಡಬ್ಬ ಇಟ್ಟುಕೊಂಡ ಮನೆಯವರಿಗೆ ಕೆಲವು ಪಾಠ ತಾನಾಗೇ ಆಗುತ್ತೆ. ಮಳೆಗಾಲದಲ್ಲಿ ಥಂಡಿ ಹಿಡಿದರೆ ಒಳಗೆ ಚಟಪಟ ಅನ್ನುತ್ತೆ. ಧೂಳು ಕೂತರೂ ಅಷ್ಟೇ, ಹಳೇ ಹಲ್ಲುಜ್ಜೋ ಬ್ರಷ್ಷು, ಸ್ಪಿರಿಟ್ಟು ಹಾಕಿ ವರ್ಷಕ್ಕೊಂದು ಸಲ ಉಜ್ಜಬೇಕು. ಒಂದು ಸಲ ತಗಡುಗಳ ನಡುವೆ ಹಲ್ಲಿ ಸೇರಿಕೊಂಡಿತ್ತು. ಮಾವನೋರು ಕೀ ಒತ್ತಿದ್ದೇ ಫಟ್ ಅಂತ ಸದ್ದು, ಆ ವಾಸನೆ ಎರಡು ದಿನ ಹೋಗಲಿಲ್ಲ. ಮಾಳಿಗೆ ಮೇಲೆ ಬಟ್ಟೆ ಒಣಹಾಕೋ ಜಿಐ ತಂತಿ ಆಂಟೆನಾ ಪಕ್ಕದಲ್ಲೇ ಇತ್ತು. ಅದನ್ನ ಮುಟ್ಟಿದರೆ ಬೆರಳಿಗೆ ಚುರ್ ಅನ್ನೋದು. ಶಾಕಿಗಿಂತ ಬೇರೆ ಥರ, ಬಾಣಲೆ ಅಂಚು ತಗುಲಿದ ಹಾಗೆ ಸುಡೋದು. ಆಮೇಲೆ ಜಿಐ ತಂತಿ ತೆಗೆದು ನೈಲಾನ್ ಹಗ್ಗ ಕಟ್ಟಿದ್ದು ಅತ್ತೆ. ಗುಂಡಿ ತೆಗೆಸಿ ಉಪ್ಪು, ಇದ್ದಿಲು ತುಂಬಿಸಿ ಅರ್ತಿಂಗ್ ಮಾಡಿಸಿದ್ದು ಮಾವನೋರು. ಬೇಸಿಗೆಯಲ್ಲಿ ಆ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕ್ತಿದ್ದುದು ಮತ್ತೆ ಅತ್ತೆನೇ.

ಪಕ್ಕದ ಮನೆಯವರ ಜೊತೆ ಜಗಳಾನೂ ಆಗಿತ್ತು. 1987ರ ಜನವರಿಯಲ್ಲಿ ಟಿವಿಯಲ್ಲಿ ರಾಮಾಯಣ ಶುರುವಾಯ್ತಲ್ಲ, ಭಾನುವಾರ ಬೆಳಿಗ್ಗೆ. ಹ್ಯಾಮುಗಳಿಗೂ ಭಾನುವಾರವೇ ಹಬ್ಬ. ಇಲ್ಲಿ ಮಾವನೋರು ಮಾತಾಡಿದರೆ ಅಲ್ಲಿ ಶ್ರೀರಾಮನ ಮುಖದ ಮೇಲೆ ಗೆರೆ, ಕೌಸಲ್ಯೆ ಮಾತಿನ ನಡುವೆ ಬಾತುಕೋಳಿ ಕೂಗಿದ ಹಾಗೆ ಇವರ ದನಿ. ಟ್ಯೂನರ್ ಇದ್ದರೆ ಟಿವಿಗೆ ತೊಂದರೆ ಆಗಲ್ಲ ಅಂತ ಯಾರೋ ಹೇಳಿದ್ದನ್ನ ಹಿಡಿದುಕೊಂಡು ಪಕ್ಕದ ಮನೆಯವರು ಟ್ಯೂನರ್ ಕೆಟ್ಟಿದೆ ಅಂತ ಸಾಧಿಸೋರು. ಆದರೆ ಮಾವನೋರು ಕಟ್ಟಿದ ನಮೂನೆಯ ಟ್ಯೂನರ್ ಮೇಲಿನ ಅಲೆಗಳನ್ನ ತಡೆಯಲ್ಲ, ಅದಕ್ಕೆ ಬೇರೆ ಫಿಲ್ಟರ್ ಬೇಕು. ಹಾಕಿದರು, ಸ್ವಲ್ಪ ಕಮ್ಮಿ ಆಯ್ತು. ಪೂರ್ತಿ ರಾಜಿ ಆಗಿದ್ದು ಮಾತ್ರ ಅತ್ತೆ ಒಂದು ಪಾತ್ರೆ ಬಿಸಿಬೇಳೆಬಾತ್ ತಗೊಂಡು ಹೋಗಿ, ರಾಮಾಯಣ ಮುಗಿಯೋವರೆಗೂ ನಮ್ಮ ಮನೆ ಸೆಟ್ಟು ಆಫು ಅಂತ ಮಾತು ಕೊಟ್ಟ ಮೇಲೆ. ಮಾವನೋರನ್ನ ಕೇಳದೇ ಕೊಟ್ಟ ಮಾತು ಅದು.

ಈಗ ಪುಸ್ತಕದ ವಿಷಯ. ಟ್ಯೂನರನ್ನ ಪ್ರತಿ ಬ್ಯಾಂಡಿಗೂ ಬೇರೆ ಬೇರೆ ಇಡಬೇಕು. ಎಡಗಡೆ ತಿರುಗಣೆ ಎಷ್ಟು, ಸುರುಳಿ ಎಷ್ಟು ಸುತ್ತು, ಬಲಗಡೆ ಎಷ್ಟು. ಮಾವನೋರು ಚೀಟೀಲಿ ಬರೆದು ಕಳೀತಿದ್ರು. ಒಂದಿನ ಅತ್ತೆ ರೇಗಿ, ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೇಲಿ ತಾವೇ ಬರೆಯೋಕೆ ಶುರು ಮಾಡಿದರು. 40ಕ್ಕೆ 62, 11 ಸುತ್ತು, 48. 80ಕ್ಕೆ 21 ಸುತ್ತು. ಪಕ್ಕದಲ್ಲಿ ತಾರೀಖು. ಮಳೆ ಬಂದು ತಂತಿ ಒದ್ದೆ ಆದ ದಿನದ್ದು ಬೇರೆ, "ಮಳೆ" ಅಂತ ಬರೆದಿದ್ದಾರೆ.

ಆ ಹಾಳೆಗಳನ್ನ ಸಾಲಾಗಿ ಓದಿದರೆ ನಮ್ಮ ಬೀದಿ ಹೇಗೆ ಬದಲಾಯ್ತು ಅಂತ ಕಾಣುತ್ತೆ ಕಣ್ರೀ. ಮೊದಮೊದಲು ಪಕ್ಕದ ಸೈಟು ಖಾಲಿ, ತಂತಿಯ ಕೊನೆಯನ್ನ ಅಲ್ಲಿನ ತೆಂಗಿನಮರಕ್ಕೆ ಕಟ್ಟಿದ್ದರು, ಸುರುಳಿ ಕಮ್ಮಿ ಸಾಕಾಗ್ತಿತ್ತು. "ಮರ ಕಡಿದರು" ಅಂತ ಒಂದು ಸಾಲು, ಅದರ ಕೆಳಗೆ ಎಲ್ಲ ನಂಬರೂ ಬೇರೆ. ತಂತಿ ಮೋಟಾಯ್ತು, ಸುತ್ತು ಜಾಸ್ತಿ ಆಯ್ತು. "ಹಿಂದಿನ ಮನೆ ಮೇಲೆ ಮಹಡಿ" ಅಂತ ಇನ್ನೊಂದು. "ನಮ್ಮ ಸಿಂಟೆಕ್ಸ್ ಬಂತು." ಬೇರೆ ಯಾವ ಇತಿಹಾಸದ ಪುಸ್ತಕದಲ್ಲೂ ನಮ್ಮ ಮೂರನೇ ಕ್ರಾಸಿನ ತೆಂಗಿನಮರ ಯಾವ ತಿಂಗಳು ಹೋಯ್ತು ಅಂತ ಇರೋಲ್ಲ. ಹಾಲಿನ ರೇಟು ಮುಂದಿನ ಹಾಳೇಲಿ, ಮರದ ಸುದ್ದಿ ಹಿಂದಿನ ಹಾಳೇಲಿ.

ನಾನು ಮದುವೆಯಾಗಿ ಬರೋ ಹೊತ್ತಿಗೆ ಮಾವನೋರ ಕಣ್ಣಿಗೆ ಪೊರೆ ಬಂದಿತ್ತು. ತಿರುಗಣೆ ಮೇಲಿನ ಸಣ್ಣ ಅಂಕಿ ಕಾಣ್ತಿರಲಿಲ್ಲ. "ನಲವತ್ತಕ್ಕೆ ಹಾಕೇ" ಅಂದರೆ ಅತ್ತೆ ಪುಸ್ತಕ ನೋಡದೇ ಹಿಡಿ ತಿರುಗಿಸೋರು, ಮೀಟರಿನ ಮುಳ್ಳು ಕೆಳಗೆ ಬಿದ್ದು ನಿಲ್ಲೋದು. ಆದರೆ ಮೈಕ್ ಮುಟ್ಟೋ ಹಾಗಿರಲಿಲ್ಲ. ಲೈಸೆನ್ಸು ಮಾವನೋರದು. ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದರೂ ಅತ್ತೆ ದನಿ ಒಂದು ದಿನವೂ ಗಾಳಿಗೆ ಹೋಗಲಿಲ್ಲ. ಪರೀಕ್ಷೆಗೆ ಕಟ್ಟಬಹುದಿತ್ತಲ್ಲ ಅತ್ತೆ ಅಂತ ನಾನೇ ಕೇಳಿದ್ದೆ. ಪುಸ್ತಕ ಎಲ್ಲ ಇಂಗ್ಲಿಷಲ್ಲಿ, ಜೊತೆಗೆ ಮೋರ್ಸ್ ಬೇರೆ. ಅದನ್ನ ಹೇಳದೆ, "ಹೋಗಿ ಏನ್ ಮಾತಾಡ್ಲಿ? ನಮ್ಮೂರಲ್ಲಿ ಮೋಡ, ನಿಮ್ಮೂರಲ್ಲಿ ಬಿಸ್ಲಾ ಅಂತಲಾ?" ಅಂದುಬಿಟ್ಟರು. ಹ್ಯಾಮುಗಳ ಅರ್ಧ ಮಾತು ಅದೇ ಅನ್ನೋದೂ ನಿಜ.

2004ರ ಡಿಸೆಂಬರ್ ಮಾತ್ರ ಬೇರೆ. ದೆಹಲಿಯ ಭಾರತಿ ಪ್ರಸಾದ್ ಅನ್ನೋ ಹೆಣ್ಣುಮಗಳು ಅಂಡಮಾನಿಗೆ ತಂಡ ಕರಕೊಂಡು ಹೋಗಿದ್ದರು. ಅಲ್ಲಿಂದ ಹ್ಯಾಮ್ ಪ್ರಸಾರಕ್ಕೆ ಅನುಮತಿ ಸಿಗೋದೇ ಅಪರೂಪ. ವಿಯು4ಆರ್‌ಬಿಐ ಅಂತ ಅವರ ಗುರುತು. ಪ್ರಪಂಚದವರೆಲ್ಲ ಅವರ ಜೊತೆ ಒಂದು ಮಾತಾಡೋಕೆ ಮುಗಿಬಿದ್ದಿದ್ದರು. ಅತ್ತೆಗೆ ಅವರ ದನಿ ಅಂದ್ರೆ ಏನೋ ಖುಷಿ, ಒಲೆ ಸಣ್ಣ ಮಾಡಿ ಬಂದು ಕೇಳೋರು. 26ನೇ ತಾರೀಖು, ಭಾನುವಾರ, ಸುನಾಮಿ ಬಂತು. ಅಂಡಮಾನಿನ ಫೋನುಗಳು ಕೆಟ್ಟುಹೋದವು. ಪೋರ್ಟ್‌ಬ್ಲೇರಿನಲ್ಲಿದ್ದ ಆಯಮ್ಮ, ಅವರ ತಂಡ, ಆಟಕ್ಕೆ ಅಂತ ತಂದ ಅದೇ ಸೆಟ್ಟಿನಲ್ಲಿ ಸುದ್ದಿ ಮುಟ್ಟಿಸೋಕೆ ನಿಂತರು. ಯಾರು ಬದುಕಿದ್ದಾರೆ, ಯಾರಿಗೆ ಏನು ಬೇಕು ಅಂತ.

ನಮ್ಮನೇಲಿ ಅವತ್ತು ಟ್ಯೂನರ್ 20 ಮೀಟರಿಗೆ ಇಟ್ಟೇ ಇತ್ತು. ಮಾವನೋರು ಒಂದು ಮಾತೂ ಆಡಲಿಲ್ಲ. ಅಂಥ ಹೊತ್ತಲ್ಲಿ ಕೆಲಸ ಇಲ್ಲದವರು ಬಾಯಿಬಿಟ್ಟರೆ ಕೆಲಸ ಇರೋರ ಮಾತು ಮುಚ್ಚಿಹೋಗುತ್ತೆ, ಅದಕ್ಕೇ ಸುಮ್ಮನೆ ಕೇಳೋದು ಹ್ಯಾಮುಗಳ ಪದ್ಧತಿ. ಅತ್ತೆ ಪೆನ್ನು ಹಿಡಕೊಂಡು ಕೇಳಿಸಿದ ಹೆಸರುಗಳನ್ನ ಅದೇ ಪುಸ್ತಕದಲ್ಲಿ ಬರೀತಾ ಹೋದರು, ಯಾರಾದರೂ ಕೇಳಿಕೊಂಡು ಬಂದರೆ ಅಂತ. ನಮ್ಮ ಬೀದೀಲಿ ಯಾರೂ ಬರಲಿಲ್ಲ. ಆ ಹಾಳೆ ಇನ್ನೂ ಇದೆ.

ಈಗ ಕಾಲ ಬೇರೆ. ಎಲ್‌ಇಡಿ ಬಲ್ಬು, ಸೋಲಾರ್ ಇನ್ವರ್ಟರುಗಳ ಗೊರಗೊರದಲ್ಲಿ ಸಣ್ಣ ಸ್ಟೇಷನ್ನು ಕೇಳೋದೇ ಕಷ್ಟ. ಟ್ಯೂನರಿಗೇ ಹೆಸರಾಗಿದ್ದ ಅಮೆರಿಕದ ಎಂಎಫ್‌ಜೆ ಕಂಪನಿ 2024ರ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲಿಸಿತು. ಯಲಹಂಕ ನ್ಯೂ ಟೌನಿನ ನಾದಿನಿ ಮನೆಗೆ ಹೋಗುವಾಗ ದೊಡ್ಡಬಳ್ಳಾಪುರ ರಸ್ತೇಲಿ ಆಕಾಶವಾಣಿಯವರ ಎತ್ತರದ ಕಂಬಗಳನ್ನ ನೋಡ್ತೀವಲ್ಲ, ಅಲ್ಲಿಗೆ ಹಾಕಿದ್ದು 500 ಕಿಲೋವ್ಯಾಟಿನ ಟ್ರಾನ್ಸ್‌ಮಿಟರ್. ನಮ್ಮ 400 ವ್ಯಾಟಿನ 1250 ಪಟ್ಟು. ಅಲ್ಲೂ ಇಂಥದ್ದೇ ಹೊಂದಾಣಿಕೆ ಬೇಕಮ್ಮ, ಆದರೆ ಅದರ ಸುರುಳಿ ರೂಮಿನಷ್ಟು ಇರಬಹುದು ಅಂತ ಮಾವನೋರು ಹೇಳ್ತಿದ್ದರು.

ಮಾವನೋರು ಹೋದ ಮೇಲೆ ಸೆಟ್ಟನ್ನ ಲೈಸೆನ್ಸ್ ಇದ್ದವರಿಗೇ ಕೊಡಬೇಕು ಅಂತ ಅತ್ತೆ ಹಟ ಹಿಡಿದರು. ಗುಜರಿಯವನು ತಾಮ್ರಕ್ಕೆ ಒಳ್ಳೇ ರೇಟು ಹೇಳಿದ್ದ, ಗೇಟಿನ ಒಳಗೂ ಬಿಡಲಿಲ್ಲ. ಕೊನೆಗೆ ಯಲಹಂಕದಿಂದ ಇಂಜಿನಿಯರಿಂಗ್ ಓದೋ ಹುಡುಗಿಯೊಬ್ಬಳು ಬಂದಳು, ಜೇಬಲ್ಲಿ ಹೊಸ ಲೈಸೆನ್ಸು. ಅತ್ತೆ ಅದನ್ನ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸೆಟ್ಟು, ಟ್ಯೂನರು, ಕಾಫಿ, ಚಕ್ಕುಲಿ ಎಲ್ಲ ಕೊಟ್ಟರು. ಪುಸ್ತಕ ಕೊಡಲಿಲ್ಲ. "ನಿಮ್ಮನೆ ತಂತಿಗೆ ನಮ್ಮ ಲೆಕ್ಕ ಆಗಲ್ಲ ಮಗು, ಹೊಸದು ಬರ್ಕೋ" ಅಂದರು.

ಹದಿನೈದು ದಿನ ಬಿಟ್ಟು ಆ ಹುಡುಗಿ ಫೋನ್ ಮಾಡಿದಳು. 40ಕ್ಕೆ ಎಷ್ಟು ಮಾಡಿದರೂ ಮುಳ್ಳು ಕೆಳಗೆ ಇಳೀತಿಲ್ಲವಂತೆ. ಅತ್ತೆ ಒಲೆ ಮುಂದೆ ಒಗ್ಗರಣೆ ಹಾಕ್ತಿದ್ದವರು ಫೋನ್ ಭುಜಕ್ಕೆ ಒತ್ತಿಕೊಂಡು, "ಮೊದ್ಲು ಎರಡೂ ತಿರುಗಣೆ ಅರ್ಧಕ್ಕಿಡು. ಆಮೇಲೆ ಸುರುಳಿ ಒಂದನ್ನೇ ನಿಧಾನಕ್ಕೆ ತಿರುಗಿಸು. ರೇಡಿಯೋದಲ್ಲಿ ಸೊಯ್ ಅನ್ನೋ ಸದ್ದು ಎಲ್ಲಿ ಜೋರಾಗುತ್ತೋ ಅಲ್ಲಿ ನಿಲ್ಸು. ಆಮೇಲೆ ಪವರ್ ಕೊಡು, ಸ್ವಲ್ಪವೇ" ಅಂದರು. ಆ ಕಡೆ ಹಿಡಿ ತಿರುಗೋ ಕಿರ್ ಕಿರ್ ಸದ್ದು ಫೋನಿನಲ್ಲೇ ಕೇಳಿಸ್ತು. "ಹಾಂ, ದಾಟ್ಬಿಟ್ಟೆ, ಒಂದ್ ಸುತ್ತು ವಾಪಸ್ ಬಾ" ಅಂದರು ಅತ್ತೆ.