ಮೂಳೆ ಎಂಬ ಹಗೇವು



ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ಹಿರಿಯರನ್ನು ಕೇಳಿ ನೋಡಿ. ಸುಗ್ಗಿಯಲ್ಲಿ ನೆಲದೊಳಗಿನ ಹಗೇವಿಗೆ ತುಂಬಿದ ಜೋಳವನ್ನು ಬರ ಬಂದಾಗ ತೆಗೆಯುತ್ತಿದ್ದರು. ನಮ್ಮ ಮೂಳೆಯೂ ಅಂಥದೇ ಒಂದು ಹಗೇವು. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಆದರೆ ಹೃದಯ ಮಿಡಿಯಲು, ಸ್ನಾಯುಗಳು ದುಡಿಯಲು ರಕ್ತದಲ್ಲಿರುವ ಅತ್ಯಲ್ಪ ಕ್ಯಾಲ್ಸಿಯಂ ಒಂದೇ ಮಟ್ಟದಲ್ಲಿರಬೇಕು. ಈ ಮಟ್ಟವನ್ನು ಕಾಯುವವರು ಯಾರು?

ಮೊದಲ ಸುಳಿವು ಕೊಟ್ಟದ್ದು ಭಾರತದ ಒಂದು ಘೇಂಡಾಮೃಗ! ಅದು 1849ರಲ್ಲಿ ಲಂಡನ್ ಮೃಗಾಲಯದಲ್ಲಿ ಸತ್ತಿತು. ಅದರ ದೇಹವನ್ನು ಛೇದಿಸಿದ ರಿಚರ್ಡ್ ಓವೆನ್, ಥೈರಾಯ್ಡ್ ಗ್ರಂಥಿಗೆ ಅಂಟಿದ ಹಳದಿ ಬಣ್ಣದ ಪುಟ್ಟ ಗ್ರಂಥಿಯನ್ನು ಕಂಡನು. ಮನುಷ್ಯನಲ್ಲಿಯೂ ಇವು ಇವೆಯೆಂದು 1880ರಲ್ಲಿ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ ವಿವರಿಸಿದನು. ಇವೇ ಪ್ಯಾರಾಥೈರಾಯ್ಡ್‌ಗಳು. ಇವನ್ನು ತೆಗೆದ ಪ್ರಾಣಿಗಳ ಸ್ನಾಯುಗಳು ಸೆಟೆದುಕೊಳ್ಳುತ್ತಿದ್ದವು. ಕ್ಯಾಲ್ಸಿಯಂ ಕೊಟ್ಟರೆ ಸೆಟೆತ ನಿಲ್ಲುತ್ತದೆಂದು 1909ರಲ್ಲಿ ಮ್ಯಾಕಲಮ್ ಮತ್ತು ವೋಗ್ಟ್ಲಿನ್ ತೋರಿಸಿದರು. 1925ರಲ್ಲಿ ಜೇಮ್ಸ್ ಕಾಲಿಪ್ ಈ ಗ್ರಂಥಿಗಳಿಂದ ಪರಿಣಾಮಕಾರಿ ಸಾರವನ್ನು ಪಡೆದನು. ಹಗೇವಿನ ಬಾಯಿ ತೆರೆಯುವ ಹಾರ್ಮೋನು ಹೀಗೆ ಕೈಗೆ ಸಿಕ್ಕಿತು.

ಹಾಗಾದರೆ ಬಾಯಿ ಮುಚ್ಚುವ ಹಾರ್ಮೋನು? 1961-62ರಲ್ಲಿ ಕೆನಡಾದ ಹೆರಾಲ್ಡ್ ಕಾಪ್, ರಕ್ತದ ಕ್ಯಾಲ್ಸಿಯಂ ತಗ್ಗಿಸುವ ವಸ್ತುವೊಂದನ್ನು ಪತ್ತೆ ಮಾಡಿ ಕ್ಯಾಲ್ಸಿಟೋನಿನ್ ಎಂದು ಹೆಸರಿಟ್ಟನು. ಇದು ಪ್ಯಾರಾಥೈರಾಯ್ಡ್‌ನಿಂದ ಬರುತ್ತದೆಂದು ಅವನು ಭಾವಿಸಿದ್ದನು. ಸಸ್ತನಿಗಳಲ್ಲಿ ಅದರ ಮೂಲ ಥೈರಾಯ್ಡ್ ಎಂಬುದು 1963-64ರಲ್ಲಿ ತಿಳಿಯಿತು. ಇದು 32 ಅಮೈನೋ ಆಮ್ಲಗಳ ಪೆಪ್ಟೈಡ್ ಸರಪಳಿ. ಸಾಲ್ಮನ್ ಮೀನಿನದು ಮನುಷ್ಯನದಕ್ಕಿಂತ ಪ್ರಬಲವಾದುದರಿಂದ ಅದೇ ಔಷಧಿಯಾಯಿತು. ಆದರೆ ದೀರ್ಘಕಾಲದ ಬಳಕೆಯಲ್ಲಿ ಕ್ಯಾನ್ಸರಿನ ಸಂಭವ ತುಸು ಹೆಚ್ಚುವುದೆಂದು 2012ರಲ್ಲಿ ಯುರೋಪಿನ ತಜ್ಞರು ಎಚ್ಚರಿಸಿದರು. ಇನ್ನೂ ಒಂದು ಸೋಜಿಗ: ಥೈರಾಯ್ಡ್ ತೆಗೆಸಿಕೊಂಡವರಲ್ಲಿ, ಪ್ಯಾರಾಥೈರಾಯ್ಡ್ ಉಳಿದಿದ್ದರೆ, ಕ್ಯಾಲ್ಸಿಯಂ ಮಟ್ಟ ಸಾಮಾನ್ಯವಾಗಿಯೇ ಇರುತ್ತದೆ. ಅಂದರೆ ನಮ್ಮಲ್ಲಿ ಮುಚ್ಚುವ ಕೈಗಿಂತ ತೆರೆಯುವ ಕೈಯೇ ಬಲವಾದದ್ದು. ಏಕೆಂದರೆ ದೇಹಕ್ಕೆ ರಕ್ತದ ಅಗತ್ಯ ಮೊದಲು, ಮೂಳೆಯ ಕ್ಷೇಮ ನಂತರ.

ಇದು ಬರೀ ಪಠ್ಯಪುಸ್ತಕದ ಮಾತಲ್ಲ. ನಮ್ಮ ಪಾವಗಡ, ಮುಂಡರಗಿ, ಕೋಲಾರ ಭಾಗಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಮೂಳೆ ಸೇರಿದ ಫ್ಲೋರೈಡ್ ಅದನ್ನು ದಪ್ಪವಾಗಿಸಬಹುದು, ಆದರೆ ಬಲಪಡಿಸುವುದಿಲ್ಲ. ಅಲ್ಲಿಯ ಕ್ಯಾಲ್ಸಿಯಂ ಸುಲಭವಾಗಿ ಹೊರಬರುವುದೂ ಇಲ್ಲ. ಆಗ ಪ್ಯಾರಾಥೈರಾಯ್ಡ್ ಹೆಚ್ಚು ದುಡಿಯಬೇಕಾಗುತ್ತದೆ. ಇಂಥ ಕೆಲವು ರೋಗಿಗಳಲ್ಲಿ ಈ ಗ್ರಂಥಿಯ ಅತಿ ಚಟುವಟಿಕೆಯನ್ನು ಭಾರತೀಯ ವೈದ್ಯರು 1973ರಲ್ಲಿ ವರದಿ ಮಾಡಿದರು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು, ಫ್ಲೋರೈಡ್ ಪೀಡಿತ ಹಳ್ಳಿಗಳ ಎಳೆಯರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿದ್ದನ್ನು ಜಗತ್ತಿಗೆ ತಿಳಿಸಿದರು.

ನಿಮ್ಮ ವಯಸ್ಸೇ ಹಗೇವು ತುಂಬುವ ಸುಗ್ಗಿ. ಸುಮಾರು 30 ವರ್ಷದ ಹೊತ್ತಿಗೆ ತುಂಬುವ ಕೆಲಸ ಮುಗಿದಿರುತ್ತದೆ. ಹಾಲು, ರಾಗಿ, ಎಳ್ಳು, ಸೊಪ್ಪು, ಬಿಸಿಲು, ಆಟೋಟ, ಇವೇ ಅದರ ಬೆಳೆ. ಜೊತೆಗೆ ನಿಮ್ಮೂರಿನ ನೀರಿನ ಪರೀಕ್ಷೆಯಾಗಿದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ಮನೆಯವರಿಗೂ ಹೇಳಿ.