ನೋಡೋಣ ಬಿಡಿ, ನೋಡೋಣ ತನ್ನಿ

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಕೈ ತೊಳೆದು, 'ಊರಿಗೆ ಹೋಗಿ ಕಾಗದ ಬರೀತೀವಿ' ಎನ್ನುತ್ತಿದ್ದ ಕಾಲವೊಂದಿತ್ತು. ಆ ಕಾಗದ ಬರುವುದಿಲ್ಲವೆಂದು ಹೆಣ್ಣಿನ ಅಪ್ಪನಿಗೆ ಅವರು ಚಪ್ಪಲಿ ಮೆಟ್ಟುವಾಗಲೇ ಗೊತ್ತಾಗುತ್ತಿತ್ತು. ಈಗ ಕಾಗದ ಬರೆಯುವವರಿಲ್ಲ. ಆ ಮಾತು ಮಾತ್ರ ಒಂದೇ ಪದಕ್ಕೆ ಕುಗ್ಗಿ ಆಫೀಸುಗಳಲ್ಲಿ ಕುರ್ಚಿ ಹಿಡಿದಿದೆ: 'ನೋಡೋಣ'.

ಕನ್ನಡದಲ್ಲಿ ನೋಡುವುದು ಬರೀ ಕಣ್ಣಿನ ಕೆಲಸವಲ್ಲ. ರುಚಿ ನೋಡುತ್ತೇವೆ, ನಾಡಿ ನೋಡುತ್ತೇವೆ, ಜಾತಕ ನೋಡುತ್ತೇವೆ. 'ನಿಮ್ಮಲ್ಲಿ ಲೆಕ್ಕಪತ್ರ ಯಾರು ನೋಡ್ತಾರೆ?' ಎಂದರೆ ಅದರ ಹೊಣೆ ಯಾರದು ಎಂದರ್ಥ. ಮ್ಯಾನೇಜ್‌ಮೆಂಟಿಗೆ ಪುಸ್ತಕದವರು 'ನಿರ್ವಹಣೆ' ಎಂದು ಹೆಸರಿಟ್ಟಿರಬಹುದು. ಜನರ ಬಾಯಲ್ಲಿ ಅದು ಇವತ್ತಿಗೂ 'ನೋಡ್ಕೊಳ್ಳೋದು'. ಅಂಥ ಭಾರದ ಕ್ರಿಯಾಪದ 'ನೋಡೋಣ' ಆದ ಕೂಡಲೇ ಹಗುರಾಗಿಬಿಡುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಅದು 'ನಾವು, ನೀವು ಸೇರಿ ನೋಡುವ' ಎಂಬ ಆಹ್ವಾನ. ಆಫೀಸಿನ ಲೆಕ್ಕದಲ್ಲಿ, ನೀವು ಕಾಯಿರಿ, ನಾನು ಮರೆಯುತ್ತೇನೆ.

ಇದು ನಮ್ಮೊಬ್ಬರ ಜಾಣತನವೇನಲ್ಲ. ತಮಿಳರ 'ಪಾರ್ಕಲಾಂ', ತೆಲುಗರ 'ಚೂದ್ದಾಂ', ಹಿಂದಿಯ 'ದೇಖೇಂಗೆ' ಎಲ್ಲ ಇದೇ ಬಳಗ. ಮಂಗಳೂರಿನವರು 'ನೋಡುವ' ಎನ್ನುತ್ತಾರೆ. ಮೊದಲ ಸಲ ಕೇಳಿದ ಮೈಸೂರಿನವನಿಗೆ ವಾಕ್ಯ ಅರ್ಧಕ್ಕೇ ನಿಂತಂತೆ ಕಾಣುತ್ತದೆ. ಕೆಲಸವೂ ಕೆಲವೊಮ್ಮೆ ಹಾಗೇ ನಿಲ್ಲುತ್ತದೆ, ಅದು ಬೇರೆ ಮಾತು.

ಆದರೆ ಕನ್ನಡದ ನೋಡೋಣಕ್ಕೆ ಒಂದು ಬಾಲವಿದೆ, ತೀರ್ಪೆಲ್ಲ ಇರುವುದು ಅದರಲ್ಲೇ. 'ನೋಡೋಣ ಬಿಡಿ' ಎಂದರೆ ಆಗುವುದಿಲ್ಲ, ಇನ್ನೊಮ್ಮೆ ಕೇಳಬೇಡಿ. 'ನೋಡೋಣ ಇರಿ' ಎಂದರೆ ಮನಸ್ಸಿದೆ, ಮೇಲಿನವರನ್ನು ಕೇಳಬೇಕು. 'ನೋಡೋಣ ತನ್ನಿ' ಎಂದರೆ ಕೈ ಆಗಲೇ ಮುಂದೆ ಬಂದಿದೆ, ಅರ್ಜಿಯ ಮೇಲೆ ಈಗಲೇ ಸಹಿ ಬೀಳಬಹುದು. 'ನೋಡೋಣ ಬನ್ನಿ' ಎಂದವರು ಕುರ್ಚಿ ಬಿಟ್ಟು ಎದ್ದಿರುತ್ತಾರೆ. ಬಾಲವೇ ಇಲ್ಲದ, ಫೋನಿನಿಂದ ಕಣ್ಣು ಕೀಳದೆ ಆಡಿದ ಬೋಳು 'ನೋಡೋಣ' ಇದೆಯಲ್ಲ, ಅದು ಎಲ್ಲಕ್ಕಿಂತ ಅಪಾಯದ್ದು. ಹೇಳಿದವನು ಒಂದು ಅಂದುಕೊಂಡಿರುತ್ತಾನೆ, ಕೇಳಿದವನು ಇನ್ನೊಂದು.

ಸಣ್ಣ ಕಾರ್ಖಾನೆಗಳಿಗೆ ಸಲಹೆ ಕೊಡಲು ಹೋಗುವ ಕೆಲಸ ನನ್ನದು. ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಮಾಲೀಕರ ಜೊತೆ ಚಹಾ ಕುಡಿಯುತ್ತಿದ್ದೆ. ಲೇತ್ ಆಪರೇಟರ್ ಬಾಗಿಲಲ್ಲಿ ನಿಂತು 'ಆಯಿಲ್ ಸೋರ್ತಾನೇ ಇದೆ ಸಾರ್' ಎಂದ. 'ನೋಡೋಣಪ್ಪ' ಎಂದರು. ಅವನು ಹೋದ. ಆಮೇಲೆ ನಾನೇ ಹೋಗಿ ಕಂಡೆ: ಮಷಿನ್ ಬುಡದಲ್ಲಿ ಮರದ ಹೊಟ್ಟು ಸುರಿದಿದ್ದರು, ಅದರ ಮೇಲೆ ಗೋಣಿಚೀಲ, ಅದು ನೆಂದ ಮೇಲೆ ಇನ್ನೊಂದು ಗೋಣಿಚೀಲ. ಬದಲಾಯಿಸಬೇಕಾಗಿದ್ದದ್ದು ಒಂದು ಆಯಿಲ್ ಸೀಲ್. ಮಾಲೀಕರನ್ನು ಕೇಳಿದರೆ, ಅವರು ಬೇಡ ಅಂದೇ ಇರಲಿಲ್ಲ. ಒಂದು ಬಿಲ್ಲಿನ ಹಣ ಬರಲಿ ಎಂದು ಕಾಯುತ್ತಿದ್ದರಂತೆ. ಆಪರೇಟರನಿಗೆ ಮಾತ್ರ ಅದು 'ನೋಡೋಣ ಬಿಡಿ' ಎಂದೇ ಕೇಳಿಸಿತ್ತು. ಚಕ್ ಕೂಡ ಸಡಿಲವಾಗಿದೆ ಎಂದು ಅವನು ನನಗೆ ಹೇಳಿದ. ಮಾಲೀಕರಿಗೆ ಹೇಳಿದೆಯಾ ಎಂದೆ. 'ಹೇಳಿದ್ರೆ ನೋಡೋಣ ಅಂತಾರೆ ಸಾರ್, ಯಾಕೆ ಸುಮ್ನೆ?'

ಸೀಲಿನ ದುಡ್ಡು ದೊಡ್ಡದಲ್ಲ. ಆ 'ಯಾಕೆ ಸುಮ್ನೆ' ದುಬಾರಿ.

ಟೊಯೊಟಾದ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಚಿ ಓನೊ ಬಗ್ಗೆ ಕಾರ್ಖಾನೆಗಳಲ್ಲಿ ಒಂದು ಮಾತು ಓಡಾಡುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದು, ಎಂಜಿನಿಯರನನ್ನು ಅದರೊಳಗೆ ನಿಲ್ಲಿಸಿ, 'ನೋಡು' ಎಂದು ಹೇಳಿ ಹೋಗಿಬಿಡುತ್ತಿದ್ದರಂತೆ. ಗಂಟೆಗಟ್ಟಲೆ ಬಿಟ್ಟು ಬಂದು, ಏನು ಕಂಡೆ ಎಂದು ಕೇಳುತ್ತಿದ್ದರಂತೆ. ಜಾಗಕ್ಕೇ ಹೋಗಿ ವಸ್ತುವನ್ನೇ ಕಾಣುವುದಕ್ಕೆ ಅವರಲ್ಲಿ 'ಗೆಂಚಿ ಗೆಂಬುತ್ಸು' ಎಂಬ ಹೆಸರಿದೆ. ಟೊಯೊಟಾ 1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ನಮ್ಮ ಬಿಡದಿಗೂ ಬಂತು. ನಾನು ತರಬೇತಿ ಕೊಡುವಾಗ ಆ ಜಪಾನಿ ಪದ ಬಳಸುವುದಿಲ್ಲ. 'ನೋಡೋಣ ಬನ್ನಿ' ಎಂದರೆ ಸಾಕು, ಪೀಣ್ಯದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಸರ್ಕಾರ ಕೂಡ ಒಮ್ಮೆ ಈ ಪದದ ಬಾಲ ಹಿಡಿದು ಎಳೆದಿದೆ. 2011ರ ಸಕಾಲ ಕಾಯ್ದೆ ಮಾಡಿದ್ದು ಅದನ್ನೇ: ಅರ್ಜಿ ಕೊಟ್ಟವನ ಕೈಗೆ ಸಂಖ್ಯೆಯಿರುವ ಒಂದು ಸ್ವೀಕೃತಿ, ಪ್ರತಿ ಸೇವೆಗೂ ಇಷ್ಟು ದಿನವೆಂಬ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಐನೂರು ರೂಪಾಯಿಗೆ ಯಾರು ಹೆದರುತ್ತಾರೆ ಎಂದು ನಕ್ಕವರಿದ್ದಾರೆ. ನನಗೆ ಮುಖ್ಯವೆನಿಸುವುದು ಹಣವಲ್ಲ, ನೋಡಬೇಕಾದವರು ಯಾರು, ಯಾವತ್ತಿನೊಳಗೆ ಎಂಬುದು ಮೊದಲೇ ಗೊತ್ತಿರುವುದು.

ಹಾಗಂತ ಪದವನ್ನೇ ಬಿಡಿ ಎನ್ನಲಾರೆ. ಎದುರಿಗಿದ್ದವನ ಮುಖಕ್ಕೆ 'ಇಲ್ಲ' ಎಂದು ಎರಚದಿರುವುದೂ ಒಂದು ಸಂಸ್ಕಾರ. ಮಗಳ ಮದುವೆಗೆ ಮುಂಗಡ ಕೇಳಲು ಬಂದ ನೌಕರನಿಗೆ ಆ ಕ್ಷಣಕ್ಕೆ 'ನೋಡೋಣ' ಎನ್ನುವುದು ತಪ್ಪಲ್ಲ, ಗುರುವಾರ ಸಂಜೆ ಕರೆದು ಆಗುತ್ತದೋ ಇಲ್ಲವೋ ಹೇಳುವುದಾದರೆ. ನನ್ನ ಕಸುಬಿನವರಿಗೂ ಇದು ಸಲ್ಲುತ್ತದೆ: ಮೀಟಿಂಗಿನ ಟಿಪ್ಪಣಿಯಲ್ಲಿ 'ಪರಿಶೀಲಿಸಲಾಗುವುದು' ಎಂದು ಬರೆದು ಎದ್ದು ಬರುವ ನಾವು ಮಾಡುವುದು ಇದೇ ನೋಡೋಣವನ್ನು ಇಸ್ತ್ರಿ ಮಾಡಿ ತೊಡಿಸುವ ಕೆಲಸ. ಅಲ್ಲಿ ಒಂದು ಹೆಸರು, ಒಂದು ತಾರೀಖು ಸೇರಿಸಲು ಅರ್ಧ ನಿಮಿಷ ಬೇಡ.

ನಾಳೆ ಒಂದು ದಿನ ನಿಮ್ಮ ಆಫೀಸಿನಲ್ಲಿ ಕಿವಿಗೊಟ್ಟು ಕೇಳಿ. ನೀವು ಆಡುವ ನೋಡೋಣದ ಹಿಂದೆ ಬರುವುದು 'ಬಿಡಿ'ಯೋ 'ತನ್ನಿ'ಯೋ ಎಂದು ನಿಮ್ಮ ಕೈಕೆಳಗಿನವರನ್ನೇ ಕೇಳಿ. ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.